ಜರ್ಮನಿಯ ಓದು: ಸೇಡಂನ ತಂಗಿಗೆ ಒಂದು ಉತ್ತರ

ಪ್ರೀತಿಯ ತಂಗಿ,

ಕಲಬುರಗಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನ ಆರನೆಯ ಸೆಮಿಸ್ಟರ್ ಓದುತ್ತಿರುವ ನೀನು, ಎಂ.ಎಸ್. ಮಾಡಲು ಜರ್ಮನಿಗೆ ಬರಬಹುದೇ, ನಮ್ಮ ಭಾಗದ ಕಾಲೇಜನ್ನು ಅಲ್ಲಿ ಯಾರು ಲೆಕ್ಕಕ್ಕೆ ಇಡುತ್ತಾರೆ, ಇದಕ್ಕಾಗಿ ನಿನ್ನ ಅಪ್ಪ ಸೇಡಂ ಹತ್ತಿರದ ತೊಗರಿ ಹೊಲ ಮಾರಬೇಕೇ ಎಂದು ಕೇಳಿದ್ದೀಯೆ. ನೀನು ಬರಬೇಕು ಎಂಬುದು ಹತ್ತು ವರ್ಷ ಇಲ್ಲಿ ಬಾಳಿದ ನನ್ನ ಖಚಿತ ಅಭಿಪ್ರಾಯ. ಹೊಲವನ್ನು ಮಾತ್ರ ಮಾರಬೇಡಿ.

ಇಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳು ಬೋಧನಾ ಶುಲ್ಕ ಪಡೆಯುವುದಿಲ್ಲ. ಪ್ರತಿ ಸೆಮಿಸ್ಟರ್‌ಗೆ ಒಂದು ಚಿಕ್ಕ ವಂತಿಗೆ ಕಟ್ಟಿದರೆ ಸಾಕು. ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕವಿದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ವಿಧಿಸುತ್ತಿದೆ. ಅವನ್ನು ಬಿಟ್ಟರೂ ಆಯ್ಕೆಗೆ ಕೊರತೆಯಿಲ್ಲ. ನಮ್ಮ ಮನೆಗಳನ್ನು ಹೆದರಿಸುವುದು ವೀಸಾಕ್ಕೆ ತೋರಿಸಬೇಕಾದ ಬ್ಲಾಕ್ಡ್ ಅಕೌಂಟ್, ಅಂದರೆ ಖರ್ಚಿನ ಹಣವನ್ನು ನಿನ್ನ ಹೆಸರಲ್ಲೇ ಮುಂಗಡವಾಗಿ ಇಡುವ ಖಾತೆ. 2024ರ ಸೆಪ್ಟೆಂಬರ್‌ನಿಂದ ಅದರ ಮೊತ್ತ ವರ್ಷಕ್ಕೆ 11,904 ಯೂರೋ. ಅದು ಯಾರಿಗೋ ಕಟ್ಟುವ ಫೀ ಅಲ್ಲ; ನೀನು ಇಲ್ಲಿಗೆ ಬಂದ ಮೇಲೆ ಊಟಕ್ಕೆ, ಬಾಡಿಗೆಗೆ ತಿಂಗಳಿಗೆ 992 ಯೂರೋದಂತೆ ನಿನ್ನ ಕೈಗೇ ಬರುವ ಹಣ ಎಂಬುದನ್ನು ಅಪ್ಪನಿಗೆ ಬಿಡಿಸಿ ಹೇಳು.

ಸಾಲದ ವಿಷಯದಲ್ಲಿ ಒಂದು ಮಾತು ಮೊದಲೇ ತಿಳಿದಿರಲಿ. ಸಾಲ ವಸೂಲಿಯ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲವಾದ್ದರಿಂದ, ಶಿಕ್ಷಣ ಸಾಲಕ್ಕೆ ಹೊಲವನ್ನು ಅಡವು ಇಟ್ಟುಕೊಳ್ಳಲು ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಪಹಣಿ ಹಿಡಿದು ಹೋದ ನನ್ನ ಅಪ್ಪ ಬರಿಗೈಯಲ್ಲಿ ಮರಳಿದ ದಿನ ನನಗೆ ಇನ್ನೂ ಮರೆತಿಲ್ಲ. ಏಳೂವರೆ ಲಕ್ಷದವರೆಗೆ ಸಾಮಾನ್ಯವಾಗಿ ಆಸ್ತಿಯ ಅಡವು ಬೇಕಾಗುವುದಿಲ್ಲ. ಅದಕ್ಕೂ ಮೇಲಾದರೆ ಮನೆ, ಎನ್.ಎ. (ಕೃಷಿಯೇತರ) ಆದ ಜಾಗ ಅಥವಾ ಠೇವಣಿ ಕೇಳುತ್ತಾರೆ.

ಕಾಲೇಜಿನ ಹೆಸರಿನ ಬಗ್ಗೆ ಅಳುಕು ಬೇಡ. ಪ್ರವೇಶ ಸಮಿತಿಯವರು ನೋಡುವುದು ನಿನ್ನ ಅಂಕಗಳನ್ನು, ಜೊತೆಗೆ ಗಣಿತ, ಥರ್ಮೋಡೈನಮಿಕ್ಸ್, ಯಂತ್ರ ವಿನ್ಯಾಸಗಳಲ್ಲಿ ನೀನು ಎಷ್ಟು ಕ್ರೆಡಿಟ್ ಓದಿದ್ದೀಯೆ ಎಂಬುದನ್ನು. ಸ್ವಾಯತ್ತವಲ್ಲದ ಕಾಲೇಜುಗಳಿಗೆ ವಿ.ಟಿ.ಯು. (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪಠ್ಯಕ್ರಮ ಬೆಂಗಳೂರಿನಲ್ಲೂ ಕಲಬುರಗಿಯಲ್ಲೂ ಒಂದೇ. ಅದರ ಪ್ರತಿಯನ್ನು ಈಗಲೇ ತೆಗೆದಿಡು.

ಹೆಚ್ಚು ಎಚ್ಚರ ಬೇಕಾದದ್ದು ಹೆಸರಿನ ವಿಷಯದಲ್ಲಿ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲಿತ್ತು, ಡಿಗ್ರಿಯ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಇತ್ತು, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೂ ಸೇರಿ ಮೂರನೆಯದೇ ಒಂದು ರೂಪವಾಗಿತ್ತು. ಇವು ಮೂರೂ ಒಬ್ಬರವೇ ಎಂದು ಅಫಿಡವಿಟ್ ಮಾಡಿಸುತ್ತ ತಿರುಗಿದ್ದರಲ್ಲಿ ಆ ವರ್ಷದ ಪ್ರವೇಶವೇ ಕೈತಪ್ಪಿತು. ಈಗಂತೂ 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳಿಗೆ ಎ.ಪಿ.ಎಸ್. (ಓದಿನ ದಾಖಲೆಗಳು ನಿಜವೇ ಎಂದು ನೋಡುವ ಜರ್ಮನ್ ಕೇಂದ್ರ) ಪ್ರಮಾಣಪತ್ರ ಕಡ್ಡಾಯವಾಗಿದ್ದು, ಅದರಲ್ಲಿ ಈ ಎಲ್ಲ ದಾಖಲೆಗಳನ್ನು ಪರಿಶೀಲಿಸುತ್ತಾರೆ. ಅಕ್ಟೋಬರ್‌ನಲ್ಲಿ ಆರಂಭವಾಗುವ ಓದಿಗೆ ಅನೇಕ ಕಡೆ ಜುಲೈ 15ರೊಳಗೆ, ಕೆಲವೆಡೆ ಅದಕ್ಕೂ ತಿಂಗಳುಗಳ ಮೊದಲೇ ಅರ್ಜಿ ಮುಗಿಯುತ್ತದೆ.

ಎಂ.ಎಸ್. ಇಂಗ್ಲಿಷಿನಲ್ಲೇ ಇದೆಯೆಂದು ನಮ್ಮ ಹುಡುಗರು ಜರ್ಮನ್ ಕಲಿಯದೆ ಬರುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಸಾಫ್ಟ್‌ವೇರ್ ಓದಿದವರಿಗೆ ಹೇಗೋ ಸಾಗೀತು. ನೀನು ಯಂತ್ರಗಳ ನಡುವೆ ದುಡಿಯುವವಳು, ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಂತವರು ಮಾತಾಡುವುದು ಜರ್ಮನ್ ಭಾಷೆಯಲ್ಲೇ. ಓದುವಾಗ ವರ್ಷಕ್ಕೆ 140 ಪೂರ್ಣ ದಿನ ದುಡಿಯಬಹುದು, ಪದವಿಯ ನಂತರ ಕೆಲಸ ಹುಡುಕಲು 18 ತಿಂಗಳ ಕಾಲಾವಕಾಶವೂ ಇದೆ. ಆದರೆ ಭಾಷೆ ಬಾರದವರಿಗೆ ಆ 18 ತಿಂಗಳು ಅರ್ಜಿ ಹಾಕುವುದರಲ್ಲೇ ಕಳೆದುಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕನ್ನಡ, ದಖನಿ ಉರ್ದು, ತೆಲುಗು ಮೂರನ್ನೂ ಓಣಿಯಲ್ಲಿ ಕೇಳುತ್ತ ಬೆಳೆದ ನಿನಗೆ ಇನ್ನೊಂದು ಭಾಷೆ ಭಾರವಾಗದು.

ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾಗುತ್ತದೆ, ಮೊದಲ ಚಳಿಗಾಲ ಕಷ್ಟವೇ. ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ ಆಗ ಬಹಳ ನೆರವಾಗುತ್ತದೆ. ಈ ರಜೆಯಲ್ಲೇ ಜರ್ಮನ್ ಭಾಷೆಯ ಮೊದಲ ಹಂತವಾದ ಎ1 ತರಗತಿಗೆ ಸೇರು, ಅಂಕಪಟ್ಟಿಗಳನ್ನೂ ಪಾಸ್‌ಪೋರ್ಟನ್ನೂ ಒಟ್ಟಿಗಿಟ್ಟು ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡು. ಎಲ್ಲಿ ವ್ಯತ್ಯಾಸ ಕಂಡರೂ ನನಗೆ ಬರೆ, ಯಾವುದನ್ನು ಮೊದಲು ತಿದ್ದಿಸಬೇಕೆಂದು ಕೂಡಿ ನೋಡೋಣ.