ಎರಡು ಕಾರ್ಡಿನ ಬಾಣಂತಿ

"ಮಗೂಗೆ ಹಾಲು ಕುಡಿಸೋಕೂ ಸರ್ಕಾರ ದುಡ್ಡು ಕೊಡಬೇಕಾ?" ಅಂತ ಕೇಳಿದೆಲ್ಲ ದೋಸ್ತ, ಬೆಂಗಳೂರಾಗ ಕುಂತ್ರ ಹಂಗ ಅನಸ್ತದ ಖರೆ. ನಿಮ್ಮ ಆಫೀಸಿನಾಗ ಹಡದವ್ರಿಗೆ 26 ವಾರ ಪಗಾರ ಕೊಟ್ಟು ರಜಾ ಕೊಡ್ತಾರ, ಅದನ್ನ ಯಾರೂ ಹಿಂಗ ಕೇಳಂಗಿಲ್ಲ. ವಿಜಯಪುರ ಜಿಲ್ಲಾದ ನಮ್ಮ ಚಡಚಣ ಕಡೆ ದ್ರಾಕ್ಷಿ ಚಾಟ್ನಿ, ಅಂದ್ರ ಬಳ್ಳಿ ಕತ್ತರಸೋ ಕೆಲಸ, ಶುರು ಆತಂದ್ರ ಎರಡೂವರಿ ತಿಂಗಳ ಬಾಣಂತಿನೂ ತೋಟಕ್ಕ ಹೋಗ್ತಾಳ. ಮಧ್ಯಾಹ್ನಕ್ಕ ಎದಿ ಬಿಗದು ಕುಪ್ಪಸ ತೊಯ್ದಿರ್ತದ, ಇತ್ತ ಮನ್ಯಾಗ ಅಜ್ಜಿ ಆಡಿನ ಹಾಲಾಗ ಬಿಸ್ಕೀಟ ನೆನಸಿ ಕೂಸಿನ ಬಾಯಿಗೆ ಇಡ್ತಿರ್ತಾಳ. ಆರು ತಿಂಗಳ ಬರೀ ತಾಯಿ ಹಾಲು ಕೊಡ್ರಿ ಅಂತ ಆಶಾ ಅಕ್ಕಾರು ಹೇಳೋದು ಎಲ್ಲಾರಿಗೂ ಗೊತ್ತದ, ಆದ್ರ ಆರು ತಿಂಗಳ ಮನ್ಯಾಗ ಕುಂತ್ರ ಒಲಿ ಹತ್ತಬೇಕಲ್ಲ.

ಅದಕ್ಕ ಬಸರಿ-ಬಾಣಂತಿಗೆ ರೊಕ್ಕ ಕೊಡೋ ಕೇಂದ್ರ ಸರ್ಕಾರದ ಮಾತೃವಂದನಾ ಯೋಜನಾ ಅದ. ಮೊದಲನೇ ಕೂಸಿಗೆ 5000, ಬಸರಾದಾಗ 3000, ಕೂಸಿನ ಮೂರೂವರಿ ತಿಂಗಳ ಲಸಿ (ಲಸಿಕೆ) ಮುಗದ ಮ್ಯಾಲ 2000. ಆರು ತಿಂಗಳಿಗೆ ಹಂಚಿದ್ರ ದಿನಕ್ಕ 28 ರೂಪಾಯಿ. ತಮಿಳುನಾಡಿನಾಗ ನೋಡು, ಇದಕ್ಕ ಪೌಷ್ಟಿಕ ಆಹಾರದ ಕಿಟ್ ಸೇರಿ 18,000ದ ಯೋಜನಾ ಅದ.

ಆ 28 ರೂಪಾಯಿನೂ ನಮ್ಮ ಕಡೆ ಸುಮ್ಮ ಬರಂಗಿಲ್ಲ. ನನ್ನ ತಂಗೀನ ಗಡಿ ಆಚೆ ಮಹಾರಾಷ್ಟ್ರದ ಜತ್ತ ಕಡೆ ಕೊಟ್ಟೀವಿ, ಅಲ್ಲೂ ಮನ್ಯಾಗ ಕನ್ನಡನ, ಬೀಗರೂ ಕನ್ನಡದವ್ರ, ಕಾಗದ ಮಾತ್ರ ಮರಾಠಿ. ಬಸರಾದಾಗ ಹೆಸರು ಅಲ್ಲಿ ಬರಸಿ ಅಲ್ಲೀದೊಂದು ಕಾರ್ಡ್ ತಗೊಂಡಾಳ, ಏಳರಾಗ ಕುಬಸ ಮಾಡಿ ತವರಿಗೆ ಕರಕೊಂಡ ಬಂದ್ವಿ, ಹಡದಿದ್ದು ಇಲ್ಲೆ, ಲಸಿ ಇಲ್ಲೆ, ಲಸಿ ಬರದ ತಾಯಿ ಕಾರ್ಡ್ ಇಲ್ಲೇದು. ಎರಡನೇ ಕಂತು ಕೇಳಾಕ ಹೋದ್ರ ಆ ಕಡಿಯವ್ರು ಲಸಿ ನಮ್ಮಲ್ಲಿ ಹಾಕಿಲ್ಲ ಅಂತಾರ, ಈ ಕಡಿಯವ್ರು ಹೆಸರ ನಮ್ಮಲ್ಲಿ ಇಲ್ಲ ಅಂತಾರ, ಮ್ಯಾಲ ಆಧಾರದಾಗ ಇನ್ನೂ ಅಪ್ಪನ ಹೆಸರು, ಕೂಸಿನ ಜನನ ದಾಖಲೆದಾಗ ಗಂಡನ ಹೆಸರು, ಅದನ್ನ ಕೂಡಸಾಕ ಮತ್ತೊಂದು ದಿನ. ನಾಕು ಸಲ ಬೈಕಿನ ಮ್ಯಾಲ ಅಡ್ಡಾಡೀನಿ. ದಿಲ್ಲಿಯವ್ರು ಮಾಡಿದ್ದು, ಇಡೀ ದೇಶಕ್ಕ ಒಂದ ಯೋಜನಾ, ಅದಕ್ಕ ನಮ್ಮೂರ ಹಳ್ಳದ ಆಚಿ ಈಚಿ ಯಾಕ ಬೇಕೋ?

ನಮ್ಮೂರ ಅಂಗನವಾಡಿ ಅಕ್ಕ ಮಾತ್ರ ಯಾವ ಕಾರ್ಡನ್ನೂ ಕೇಳಲಿಲ್ಲ. "ಈಕಿ ನಮ್ಮೂರ ಮಗಳು" ಅಂದು, ಬಸರಿ-ಬಾಣಂತ್ಯಾರಿಗೆ ನಮ್ಮ ರಾಜ್ಯ ಕೊಡೋ ಮಾತೃಪೂರ್ಣದ ಊಟ, ತತ್ತಿ ಎಲ್ಲಾ ಕೊಟ್ಲು. ನೀವು ಮಹಾರಾಷ್ಟ್ರದವ್ರೋ ಕರ್ನಾಟಕದವ್ರೋ ಅಂತ ನೀ ಸಲಸಲಕ್ಕ ಕೇಳ್ತಿಯಲ್ಲ, ಆ ಅಕ್ಕನ್ನ ಕೇಳು.

ಕೂಸಿಗೆ ಈಗ ಐದು ತಿಂಗಳು, ಇನ್ನೂ ಬರೀ ತಾಯಿ ಹಾಲ. ತೋಟದವ್ರು ಎರಡ ಸಲ ಹೇಳಿ ಕಳಸ್ಯಾರ, ಇನ್ನೊಂದು ತಿಂಗಳ ಆಕಿನ್ನ ಕಳಸಂಗಿಲ್ಲ ಅಂದೀನಿ. ಸೋಮವಾರ ಎರಡೂ ಕಾರ್ಡಿನ ಝೆರಾಕ್ಸ್ ಹಿಡಕೊಂಡು ಮತ್ತ ಗಡಿ ಆಚೆ ಹೊಂಟೀನಿ.