ಮಾರ್ಫಿನ್ ಮಾತ್ರೆ ಮತ್ತು ಉಸಿರಿನ ಲೆಕ್ಕ

ಪ್ರಶ್ನೆ: ನಮ್ಮ ತಂದೆಯವರಿಗೆ 71 ವರ್ಷ. ಕ್ಯಾನ್ಸರ್ ಮೂಳೆಗೆ ಹರಡಿದೆ. ನೋವಿಗೆಂದು ಶಿವಮೊಗ್ಗದ ವೈದ್ಯರು ನಾಲ್ಕು ಗಂಟೆಗೊಮ್ಮೆ 10 ಮಿಲಿಗ್ರಾಂ ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಅದನ್ನು ನುಂಗಿದರೆ ನಿದ್ದೆಯಲ್ಲೇ ಉಸಿರು ನಿಂತುಹೋಗುತ್ತದೆ ಎಂದು ನೆಂಟರು ಹೆದರಿಸುತ್ತಿದ್ದಾರೆ. ಇದು ನಿಜವೇ? ಹಾಗಾದರೆ ಪರಿಹಾರವೇನು?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನೆಂಟರ ಮಾತಿನಲ್ಲಿ ಅರ್ಧ ನಿಜವಿದೆ. ಆ ಅರ್ಧಕ್ಕೆ ಹೆದರಿ ಮಾತ್ರೆಯನ್ನು ಡಬ್ಬಿಯಲ್ಲೇ ಉಳಿಸಿಕೊಂಡು ರಾತ್ರಿಯಿಡೀ ನರಳುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಮಿದುಳಿನ ಬುಡದಲ್ಲಿರುವ ಮೆಡುಲ್ಲಾದಲ್ಲಿ ಪ್ರಿ-ಬಾಟ್ಜಿಂಗರ್ ಎಂಬ ನರಕೋಶಗಳ ಪುಟ್ಟ ಗುಂಪೊಂದು ಉಸಿರಿಗೆ ತಾಳ ಹಾಕುತ್ತದೆ. ಇದನ್ನು ಗುರುತಿಸಿದ್ದು 1991ರಲ್ಲಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದೊಡನೆ ತಾಳ ಚುರುಕಾಗಬೇಕು. ಆದರೆ ಮಾರ್ಫಿನ್ ನೋವನ್ನು ಅಡಗಿಸಲು ಹಿಡಿಯುವ ಮ್ಯೂ ಗ್ರಾಹಕಗಳೇ (ನರಕೋಶದ ಮೇಲೆ ಔಷಧಿ ಬಂದು ಕೂರುವ ತಾಣಗಳು) ಈ ಭಾಗದಲ್ಲೂ ಇರುವುದರಿಂದ, ಮಾತ್ರೆ ಅತಿಯಾದಾಗ ತಾಳ ನಿಧಾನವಾಗುತ್ತದೆ, ಡೈಆಕ್ಸೈಡ್ ಏರಿದ ಸುಳಿವೂ ಮಿದುಳಿಗೆ ಮಂದವಾಗಿಯೇ ತಟ್ಟುತ್ತದೆ.

ನೋವು ಸ್ವತಃ ಉಸಿರನ್ನು ಎಚ್ಚರವಾಗಿಡುವ ಶಕ್ತಿ. ವೈದ್ಯರು ಕಡಿಮೆ ಪ್ರಮಾಣದಿಂದ ಆರಂಭಿಸಿ ನೋವನ್ನು ನೋಡಿಕೊಂಡು ಏರಿಸುತ್ತ ಹೋದರೆ ಉಸಿರಿಗೆ ಅಪಾಯ ಬರುವುದು ವಿರಳ. ಅಪಾಯ ಬರುವುದು ಮೂತ್ರಪಿಂಡ ಸೋತಾಗ, ನಿದ್ದೆಮಾತ್ರೆಯೋ ಮದ್ಯವೋ ಜೊತೆಗೂಡಿದಾಗ, ಅಥವಾ ನೋವು ಹೆಚ್ಚಾಯಿತೆಂದು ಮನೆಯವರೇ ಎರಡು ಮಾತ್ರೆ ಕೊಟ್ಟುಬಿಟ್ಟಾಗ. ಮುಂದೆ ಫೆಂಟನಿಲ್ ಎಂಬ ನೋವಿನ ಔಷಧಿಯ ಪಟ್ಟಿಯನ್ನು ಮೈಗೆ ಅಂಟಿಸಲು ಹೇಳಿದರೆ ಇನ್ನೊಂದು ಎಚ್ಚರ ಬೇಕು: ಶಾಖ ತಗುಲಿದರೆ ಪಟ್ಟಿಯ ಔಷಧಿ ಚರ್ಮದೊಳಗೆ ಬೇಗ ಇಳಿಯುತ್ತದೆ. ಮಳೆಗಾಲದಲ್ಲಿ ಬಚ್ಚಲೊಲೆಯ ಮುಂದೆ ಮೈ ಕಾಯಿಸಿಕೊಳ್ಳುವ ನಮ್ಮ ಅಭ್ಯಾಸವನ್ನು ಆಗ ಬಿಡಲೇಬೇಕು.

ತಂದೆಯವರು ಮಲಗಿರುವಾಗ ಹತ್ತಿರ ಕುಳಿತು, ಹೊಟ್ಟೆಯ ಮೇಲಿನ ಕಂಬಳಿ ಎಷ್ಟು ಬಾರಿ ಏಳುತ್ತದೆಂದು ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿ. ಸಾಮಾನ್ಯವಾಗಿ 12ರಿಂದ 20 ಇರುತ್ತದೆ. ಎಂಟಕ್ಕಿಂತ ಕಡಿಮೆಯಾಗಿ, ಕರೆದರೂ ಅಲುಗಿಸಿದರೂ ಕಣ್ಣು ಬಿಡದಿದ್ದರೆ, ಎಂದೂ ಇಲ್ಲದ ಗೊರಕೆಯ ಸದ್ದು ಬರುತ್ತಿದ್ದರೆ, ಅದನ್ನು ಒಳ್ಳೆಯ ನಿದ್ದೆಯೆಂದು ತಿಳಿಯಬೇಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ರಕ್ತದ ಆಮ್ಲಜನಕದ ಕುಸಿತವನ್ನು ತೋರಿಸುವುದು ತಡವಾಗಿ. ಮುಂದಿನ ಮಾತ್ರೆಯನ್ನು ತಡೆಹಿಡಿಯಿರಿ, 108ಕ್ಕೆ ಕರೆಮಾಡಿ, ಒಂದು ಮಗ್ಗುಲಿಗೆ ಹೊರಳಿಸಿ. ಗಟ್ಟಿಯಾಗಿ ಹೆಸರು ಹಿಡಿದು ಕರೆದು ‘ಉಸಿರು ಎಳೆದುಕೊಳ್ಳಿ’ ಎನ್ನುತ್ತಿರಿ. ಸ್ವಲ್ಪ ಪ್ರಜ್ಞೆಯಿದ್ದರೂ ಹೇಳಿದ್ದಕ್ಕೆ ಅವರು ಉಸಿರೆಳೆಯುತ್ತಾರೆ. ಮಾತ್ರೆಯ ಸ್ಟ್ರಿಪ್ಪನ್ನು ಆಂಬುಲೆನ್ಸ್‌ನವರ ಕೈಗೆ ಕೊಡಿ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು, ಬೇಕಾದರೆ ಮಾಸ್ಕ್ ಹಿಡಿದು ಉಸಿರು ತುಂಬುತ್ತಾರೆ. ಪ್ರತಿಮದ್ದು ನಾಲೋಕ್ಸೋನ್. ಅದು ಗ್ರಾಹಕದಿಂದ ಮಾರ್ಫಿನ್ನನ್ನು ದಬ್ಬಿ ತಾನು ಕುಳಿತುಕೊಳ್ಳುತ್ತದೆ, ರಕ್ತನಾಳಕ್ಕೆ ಕೊಟ್ಟರೆ ಎರಡು ನಿಮಿಷದೊಳಗೆ ಕೆಲಸ ತೋರುತ್ತದೆ. ನಿಮ್ಮ ತಂದೆಯವರಂಥವರಿಗೆ ಅದನ್ನು ತೆಳುವಾಗಿಸಿ ಚೂರುಚೂರಾಗಿಯೇ ಕೊಡಬೇಕು. ಒಮ್ಮೆಲೇ ಕೊಟ್ಟರೆ ಅಡಗಿದ್ದ ನೋವೆಲ್ಲ ಒಟ್ಟಿಗೆ ಎದ್ದುಬರುತ್ತದೆ. ನೋವಿನ ಶಮನವನ್ನು ಮುಟ್ಟದೆ ಉಸಿರನ್ನಷ್ಟೇ ಚುರುಕುಗೊಳಿಸುವ ಆಂಪಕೈನ್ ಮುಂತಾದ ಔಷಧಿಗಳು ಇನ್ನೂ ಪ್ರಯೋಗದ ಹಂತದಲ್ಲಿವೆ.

ನಾಲೋಕ್ಸೋನ್‌ನ ಬಲ ಉಳಿಯುವುದು 30ರಿಂದ 90 ನಿಮಿಷ ಮಾತ್ರ, ಮಾರ್ಫಿನ್ ಮೈಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಇರುತ್ತದೆ. ಆದ್ದರಿಂದ ತಂದೆಯವರು ಕಣ್ಣುಬಿಟ್ಟು ಕಾಫಿ ಕೇಳಿದರೂ ಅವಸರಪಟ್ಟು ಊರಿನ ದಾರಿ ಹಿಡಿಯಬೇಡಿ, ವೈದ್ಯರು ಹೇಳುವವರೆಗೆ ಅಲ್ಲೇ ಇರಿಸಿಕೊಳ್ಳಿ.