ಆಂಬುಲೆನ್ಸ್ ಕೆಲಸದಲ್ಲಿ ಉತ್ಸಾಹ ಉಳಿಸಿಕೊಳ್ಳುವುದು ಹೇಗೆ?

ಆಂಬುಲೆನ್ಸ್‌ನಲ್ಲಿ ಇಎಂಟಿ (ದಾರಿಯಲ್ಲೇ ರೋಗಿಗೆ ತುರ್ತು ಚಿಕಿತ್ಸೆ ಕೊಡುವ ಸಿಬ್ಬಂದಿ) ಆಗಿ ನಾಲ್ಕು ವರ್ಷವಾಯಿತು, ಸಂಬಳ ಇದ್ದಲ್ಲೇ ಇದೆ, ಬಡ್ತಿಯ ಸುಳಿವಿಲ್ಲ, ಆಸ್ಪತ್ರೆಯವರು ಲೆಕ್ಕಕ್ಕೇ ಇಡುವುದಿಲ್ಲ, ಮೊದಲಿದ್ದ ಹುಮ್ಮಸ್ಸು ಪೂರ್ತಿ ಇಳಿದುಹೋಗಿದೆ ಎಂದು ಬರೆದಿದ್ದೀರಿ. ನಾನೂ ಇದೇ ಕೆಲಸದಲ್ಲಿದ್ದೇನೆ, ಮಲೆನಾಡಿನ ಒಂದು ತಾಲ್ಲೂಕಿನಲ್ಲಿ. ನಿಮ್ಮ ಪ್ರಶ್ನೆ ಓದಿದಾಗ ನನ್ನ ಸಹೋದ್ಯೋಗಿಗಳಲ್ಲೇ ಯಾರೋ ಬರೆದಿರಬೇಕು ಎನ್ನಿಸಿತು.

ನಿಮ್ಮ ಬೇಸರದಲ್ಲಿ ಎರಡು ಬೇರೆ ಬೇರೆ ಬೇಸರಗಳು ಹೆಣೆದುಕೊಂಡಿವೆ. ಒಂದು ನೌಕರಿಯದು, ಇನ್ನೊಂದು ಕೆಲಸದ್ದು. ಮೊದಲು ಅವೆರಡನ್ನೂ ಬಿಡಿಸಿಕೊಳ್ಳಿ. ಸಂಬಳ, ಗುತ್ತಿಗೆ, ರಜೆ, ಹನ್ನೆರಡು ಗಂಟೆಯ ಪಾಳಿ, ಇವುಗಳಿಗೆ ಉತ್ಸಾಹ ಮದ್ದಲ್ಲ. ಸಂಬಳ ತಡವಾದಾಗ ‘ಇದು ಸೇವೆ, ಹಣದ ಮುಖ ನೋಡಬಾರದು’ ಎಂದು ಬುದ್ಧಿ ಹೇಳುವವರನ್ನು ನಾನು ಕಂಡಿದ್ದೇನೆ. ಸೇವೆಯ ಹೆಸರಿನಲ್ಲಿ ದುಡಿದವನ ಕೂಲಿ ತಡೆಹಿಡಿಯುವುದು ಅನ್ಯಾಯ. ಅದನ್ನು ಸಂಘದ ಮೂಲಕ, ಲಿಖಿತ ಮನವಿಯ ಮೂಲಕ, ಕಾರ್ಮಿಕ ಇಲಾಖೆಯ ಮೂಲಕವೇ ಕೇಳಬೇಕು. ನಿಮ್ಮ ಮನಸ್ಸು ಗಟ್ಟಿಯಿಲ್ಲದ್ದರಿಂದ ಹೀಗಾಗುತ್ತಿದೆ ಎಂದು ದಯವಿಟ್ಟು ಅಂದುಕೊಳ್ಳಬೇಡಿ.

ಬಡ್ತಿಯ ಮೆಟ್ಟಿಲೇ ಇಲ್ಲದಿರುವುದಕ್ಕೆ ಒಂದು ಕಾರಣ, ಈ ವೃತ್ತಿ ನಮ್ಮಲ್ಲಿ ಇನ್ನೂ ಹೊಸದು. ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ ‘ಆರೋಗ್ಯ ಕವಚ’ ಆರಂಭವಾದದ್ದೇ 2008ರ ನವೆಂಬರ್‌ನಲ್ಲಿ. ನರ್ಸ್‌ಗಳಿಗೆ 1947ರಿಂದಲೇ ಕಾಯ್ದೆಯಿದೆ, ಕೌನ್ಸಿಲ್ ಇದೆ, ನೋಂದಣಿಯಿದೆ. ನಮ್ಮಂಥವರನ್ನು ಹೆಸರಿಟ್ಟು ಗುರುತಿಸಿದ್ದು ಸಹಾಯಕ ಆರೋಗ್ಯ ವೃತ್ತಿಗಳಿಗಾಗಿ 2021ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಆಯೋಗದ ಕಾಯ್ದೆ. ಅದರ ಪಟ್ಟಿಯಲ್ಲಿ ಎಮರ್ಜೆನ್ಸಿ ಮೆಡಿಕಲ್ ಟೆಕ್ನಾಲಜಿಸ್ಟ್ ಎಂಬ ವೃತ್ತಿ ಇದೆ, ರಾಜ್ಯ ಮಟ್ಟದ ನೋಂದಣಿಗೂ ಅವಕಾಶವಿದೆ. ಆದ್ದರಿಂದ ನಿಮ್ಮ ತರಬೇತಿ ಪ್ರಮಾಣಪತ್ರ, ಅನುಭವ ಪತ್ರ, ಬಿಎಲ್‌ಎಸ್ (ಪ್ರಾಥಮಿಕ ಜೀವರಕ್ಷಣೆ ತರಬೇತಿಯ) ಕಾರ್ಡ್ ಎಲ್ಲವನ್ನೂ ಈಗಲೇ ಒಂದೆಡೆ ಸೇರಿಸಿಡಿ. ಕೆಲಸ ಬಿಟ್ಟ ಮೇಲೆ ಗುತ್ತಿಗೆ ಸಂಸ್ಥೆಯಿಂದ ಅನುಭವ ಪತ್ರ ಪಡೆಯುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ಇನ್ನು ಕೆಲಸದ ಬೇಸರ. ನನ್ನ ಮಟ್ಟಿಗೆ ಅದರ ಬೇರು ಒಂದೇ: ನಾವು ತಂದು ಮಲಗಿಸಿದ ರೋಗಿ ಮುಂದೆ ಏನಾದ ಎಂಬುದು ನಮಗೆ ತಿಳಿಯುವುದೇ ಇಲ್ಲ. ಕ್ಯಾಶುವಾಲಿಟಿಯ ಬಾಗಿಲಲ್ಲಿ ಸ್ಟ್ರೆಚರ್ ಬದಲಾಯಿಸಿ, ಸಹಿ ಹಾಕಿಸಿಕೊಂಡು, ರಕ್ತ ಒರೆಸಿ ಮುಂದಿನ ಕರೆಗೆ ಹೊರಡುತ್ತೇವೆ. ಅಲ್ಲಿಗೆ ಕಥೆಯ ಅರ್ಧ ಮಾತ್ರ ನಮ್ಮ ಕೈಯಲ್ಲಿ ಉಳಿಯುತ್ತದೆ. ಸತ್ತವರ ಸುದ್ದಿ ಹೇಗೋ ಕಿವಿಗೆ ಬೀಳುತ್ತದೆ, ಬದುಕಿದವರ ಸುದ್ದಿ ಬರುವುದಿಲ್ಲ. ನಾಲ್ಕು ವರ್ಷ ಹೀಗೆ ನಡೆದರೆ ಎಂಥವರಿಗೂ ಮನಸ್ಸು ಒಣಗುತ್ತದೆ.

ನಾನು ಆ ಉಳಿದ ಅರ್ಧವನ್ನು ಹುಡುಕಿಕೊಂಡು ಹೋಗಲು ಶುರುಮಾಡಿದೆ. ಒಂದು ಬೆಳಿಗ್ಗೆ ಕಾಫಿ ತೋಟದ ಲೈನ್ ಮನೆಯಿಂದ ಕರೆ ಬಂತು. ಎಪ್ಪತ್ತರ ಆಸುಪಾಸಿನ ಅಜ್ಜ, ಬಾಯಿ ಎಡಕ್ಕೆ ಸೊಟ್ಟಗಾಗಿತ್ತು, ಬಲಗೈ ಎತ್ತಿ ಹಿಡಿದರೆ ಕೆಳಗೆ ಬೀಳುತ್ತಿತ್ತು, ಮಾತು ತೊದಲು. ಎಷ್ಟು ಹೊತ್ತಿನಿಂದ ಹೀಗೆ ಎಂದು ಕೇಳಿದರೆ ಸೊಸೆ, ‘ಎದ್ದಾಗಲೇ ಹೀಗಿದ್ದರು’ ಎಂದರು. ಪಾರ್ಶ್ವವಾಯುವಿನಲ್ಲಿ ಈ ಉತ್ತರಕ್ಕೆ ತಲೆದೂಗಿ ಹೊರಡಬಾರದು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಮಿತಿ. ಆ ಗಡಿಯಾರ ಶುರುವಾಗುವುದು ರೋಗಿ ಸರಿಯಾಗಿದ್ದುದನ್ನು ಯಾರಾದರೂ ಕೊನೆಯ ಬಾರಿ ಕಂಡ ಹೊತ್ತಿನಿಂದ. ರಾತ್ರಿ ಮಲಗಿದ ಹೊತ್ತನ್ನೇ ಹಿಡಿದರೆ ಸಮಯ ಆಗಲೇ ಮೀರಿತ್ತು. ಮತ್ತೆ ಮತ್ತೆ ಕೇಳಿದಾಗ ಮೂಲೆಯಲ್ಲಿ ನಿಂತಿದ್ದ ಮೊಮ್ಮಗ, ‘ತಾತ ಐದು ಗಂಟೆಗೆ ಎದ್ದು ಹಂಡೆಯ ಒಲೆ ಹಚ್ಚಿದ್ದರು, ನನ್ನನ್ನು ಹೆಸರು ಹಿಡಿದು ಎಬ್ಬಿಸಿದರು, ಆಮೇಲೆ ಮಲಗಿದರು’ ಎಂದ. ಐದು ಗಂಟೆ! ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದೆ, ಕಡಿಮೆಯಿರಲಿಲ್ಲ. ಪೈಲಟ್‌ಗೆ, ಅಂದರೆ ಆಂಬುಲೆನ್ಸ್ ಚಾಲಕನಿಗೆ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಯತ್ತಲೇ ನೇರ ಓಡಿಸಲು ಹೇಳಿ, ದಾರಿಯಿಂದಲೇ ಅಲ್ಲಿಗೆ ಫೋನ್ ಮಾಡಿದೆ. ರೋಗಿಯನ್ನು ಒಪ್ಪಿಸಿ ಹ್ಯಾಂಡ್‌ಓವರ್ ಕೊಡುವಾಗ ಮೊದಲ ವಾಕ್ಯವೇ ‘ಐದು ಗಂಟೆಗೆ ಸರಿಯಾಗಿದ್ದರು, ನೋಡಿದವರು ಜೊತೆಗಿದ್ದಾರೆ’ ಎಂಬುದು. ಬರೆಯುತ್ತಿದ್ದ ಡಾಕ್ಟರ್ ಪೆನ್ನು ಬಿಟ್ಟು ತಲೆಯೆತ್ತಿದರು. ಎರಡು ದಿನ ಬಿಟ್ಟು ಬೇರೊಬ್ಬ ರೋಗಿಯನ್ನು ತಂದಾಗ ವಾರ್ಡ್‌ಗೆ ಹೋಗಿ ಸ್ಟಾಫ್ ನರ್ಸ್ ಅವರನ್ನು ವಿಚಾರಿಸಿದೆ. ಇಂಜೆಕ್ಷನ್ ಕೊಟ್ಟಿದ್ದರು. ಅಜ್ಜ ದಿಂಬಿಗೆ ಒರಗಿ ಕುಳಿತು ಅದೇ ಬಲಗೈಯಲ್ಲಿ ಗಂಜಿಯ ಚಮಚ ಹಿಡಿದಿದ್ದರು.

ಎಲ್ಲ ಕೇಸೂ ಹೀಗಾಗುವುದಿಲ್ಲ. ಆದರೆ ಕೇಳುವ ಅಭ್ಯಾಸ ಬಿಡಬೇಡಿ. ಸಾವಾಗಿದ್ದರೂ ಯಾವುದರಿಂದ ಎಂದು ಕೇಳಿ. ಹೆಚ್ಚಿನ ಡಾಕ್ಟರುಗಳು ಬಿಡುವಿದ್ದಾಗ ಪ್ರೀತಿಯಿಂದಲೇ ವಿವರಿಸುತ್ತಾರೆ, ಮುಂದಿನ ಸಲ ಹೆಸರು ಹಿಡಿದು ಮಾತನಾಡಿಸುತ್ತಾರೆ. ರೋಗಿಯ ಮನೆಯವರ ಕೃತಜ್ಞತೆಯನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಆ ಗಾಬರಿಯಲ್ಲಿ ಅವರಿಗೆ ನಮ್ಮ ಮುಖವೂ ನೆನಪಿರುವುದಿಲ್ಲ, ಅದು ಅವರ ತಪ್ಪೂ ಅಲ್ಲ.

ಕೆಲವು ಕರೆಗಳು ಮನೆಗೂ ಬೆನ್ನು ಹತ್ತಿ ಬರುತ್ತವೆ, ಮಕ್ಕಳ ಅಪಘಾತವಂತೂ ಸರಿಯೇ. ನಿದ್ದೆ ಕೆಡುತ್ತಿದ್ದರೆ, ಸೈರನ್ ಹಾಕುವಾಗಲೇ ಕೈ ನಡುಗುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ದಿನವಿಡೀ ಬೇರೆಯವರ ಕರೆಗೆ ಓಡುವ ನಾವು ನಮಗಾಗಿ ಒಂದು ಕರೆ ಮಾಡಲು ಹಿಂಜರಿಯಬಾರದು.

ಕೆಲಸ ಬಿಡುವ ವಿಚಾರವನ್ನೂ ಮನಸ್ಸು ಬಿಚ್ಚಿ ಹೇಳುತ್ತೇನೆ. ಪಾಳಿಯ ಆರಂಭದಲ್ಲಿ ಆಮ್ಲಜನಕದ ಸಿಲಿಂಡರ್, ಬಾಯಿ ಗಂಟಲಿನ ದ್ರವ ಹೀರುವ ಸಕ್ಷನ್, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ನೋಡದೆಯೇ ‘ಎಲ್ಲ ಸರಿಯಿದೆ’ ಎಂದು ಟಿಕ್ ಹಾಕುವಷ್ಟು ಬೇಸರ ಬಂದಿದ್ದರೆ ಮೊದಲು ರಜೆ ತೆಗೆದುಕೊಳ್ಳಿ. ಮರಳಿದ ಮೇಲೂ ಹಾಗೇ ಇದ್ದರೆ ಜಾಗ ಬದಲಿಸಿ. ಎಮರ್ಜೆನ್ಸಿ ಅಂಡ್ ಟ್ರಾಮಾ ಕೇರ್‌ನಲ್ಲಿ ಬಿ.ಎಸ್ಸಿ. ಓದಬಹುದು, ದೊಡ್ಡ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಸೇರಬಹುದು, ತರಬೇತುದಾರರಾಗಬಹುದು. ಆದರೆ ಬರೀ ಸಂಬಳದ ಸಿಟ್ಟಿಗೆ ಈ ಕೆಲಸವೇ ಬೇಡ ಎಂದು ನಿರ್ಧರಿಸಬೇಡಿ. ನೀವು ಓದಿದ ಕೋರ್ಸ್ ಯಾವುದು, ಯಾವ ಜಿಲ್ಲೆಯಲ್ಲಿದ್ದೀರಿ ಎಂದು ತಿಳಿಸಿದರೆ ಹತ್ತಿರದಲ್ಲಿ ಏನೇನು ದಾರಿಗಳಿವೆ ಎಂದು ವಿಚಾರಿಸಿ ಬರೆಯುತ್ತೇನೆ.